ಫ್ರೆಂಚರು ಹೋದ ಮೇಲೂ ಅವರ ಸಂಸ್ಥೆ ಇಲ್ಲಿ ಯಾಕಿದೆ?

ಪುದುಚೇರಿಗೆ ಬಂದ ನೆಂಟರನ್ನು ಸಂಜೆ ಕಡಲ ದಂಡೆಗೆ ಕರೆದುಕೊಂಡು ಹೋದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಸೇಂಟ್ ಲೂಯಿ ಬೀದಿಯಲ್ಲಿ ಫ್ರೆಂಚ್ ಇನ್‌ಸ್ಟಿಟ್ಯೂಟ್ ಎಂಬ ಸಂಶೋಧನಾ ಸಂಸ್ಥೆ ಕಂಡ ಕೂಡಲೇ ನಿಲ್ಲುತ್ತಾರೆ. "ಅವರು ಊರು ಬಿಟ್ಟುಕೊಟ್ಟು ಎಷ್ಟು ವರ್ಷ ಆಯ್ತು! ಇದಿನ್ನೂ ಯಾಕಿದೆ? ಮುಚ್ಚಲ್ವಾ?"

ಇದು ಫ್ರೆಂಚರು ಬಿಟ್ಟುಹೋದ ಸಾಮಾನಲ್ಲ. ಅವರು ಅಧಿಕಾರ ಬಿಟ್ಟ ಮೇಲೆ ಶುರುವಾದದ್ದು. 1954ರ ಅಕ್ಟೋಬರ್ 18ರಂದು, ಭಾರತಕ್ಕೆ ಸೇರಬೇಕೇ ಎಂದು ಮತ ಹಾಕಲು, ಪುದುಚೇರಿ ಹತ್ತಿರದ ಕೀಳೂರಿನಲ್ಲಿ 178 ಜನಪ್ರತಿನಿಧಿಗಳು ಸೇರಿದರು. 170 ಮಂದಿ ಭಾರತದ ಕಡೆ ನಿಂತರು. ಆಡಳಿತ ಕೈ ಬದಲಾದದ್ದು ನವೆಂಬರ್ 1ಕ್ಕೆ. ಎರಡು ವರ್ಷದ ನಂತರ ಅದೇ ತಾರೀಕು ನಮ್ಮ ರಾಜ್ಯೋತ್ಸವದ ದಿನವಾಯಿತು. 1955ರಲ್ಲಿ ಈ ಸಂಸ್ಥೆ ಬಾಗಿಲು ತೆರೆಯಿತು. ಮೊದಲ ನಿರ್ದೇಶಕರು ಜ್ಯಾಂ ಫಿಲಿಯೋಜಾ. ಹಂಪಿಯ ಬಗ್ಗೆ ಬರೆದ ನಮ್ಮ ವಸುಂಧರಾ ಫಿಲಿಯೋಜಾ ಅವರ ಸೊಸೆ.

ಭಾರತ, ಫ್ರಾನ್ಸ್ ಎರಡೂ ಕೂತು ಮಾತಾಡಿದ್ದವು. ಶಾಲೆ, ಭಾಷೆ, ಸಂಶೋಧನೆ ಎಲ್ಲದರ ಬಗ್ಗೆಯೂ ಬರೆದುಕೊಂಡಿದ್ದವು. ಗೋವಾದಲ್ಲಿ ಹಾಗಾಗಲಿಲ್ಲ. 1961ರಲ್ಲಿ ಸೇನೆ ಹೋಗಬೇಕಾಯಿತು. ಗೋವಾ ಭಾರತದ್ದು ಎಂದು ಪೋರ್ಚುಗಲ್ ಒಪ್ಪಿದ್ದು 1974ರಲ್ಲಿ. ಲಿಸ್ಬನ್‌ನ ಸಾಂಸ್ಕೃತಿಕ ಸಂಸ್ಥೆ ಫುಂಡಸಾಂವ್ ಓರಿಯೆಂಟೆ ಪಣಜಿಯಲ್ಲಿ ಕಚೇರಿ ತೆರೆಯುವಷ್ಟರಲ್ಲಿ 1995 ಆಗಿತ್ತು. ಒಂದು ತಲೆಮಾರೇ ಕಳೆದುಹೋಯಿತು, ಅಲ್ವಾ?

ಆದರೆ ಬರೀ ಕರಾರಿನ ಬಲದ ಮೇಲೆ 70 ವರ್ಷ ನಡೆಯಲಾಗುವುದಿಲ್ಲ. ಒಳಗಿನ ಕೆಲಸ ನೋಡಬೇಕು. ಅಲ್ಲಿರುವುದು ಹಳೆಯ ಹಸ್ತಪ್ರತಿಗಳು: ಎರಡು ಬೆರಳಗಲದ ತಾಳೆಗರಿಗಳು, ನಡುವೆ ತೂತು, ಅದರಲ್ಲಿ ದಾರ, ಮೇಲೆ ಕೆಳಗೆ ಮರದ ಪಟ್ಟಿ. ಹೆಚ್ಚಿನವು ಶೈವ ಆಗಮಗಳು, ಅಂದರೆ ಶಿವಪೂಜೆ, ದೇವಸ್ಥಾನಗಳ ವಿಧಿ ಹೇಳುವ ಪುಸ್ತಕಗಳು; ತಮಿಳು ನಾಡಿನಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ 'ಗ್ರಂಥ' ಎಂಬ ಲಿಪಿಯಲ್ಲಿ. ತಮಿಳುನಾಡಿನ ಅರ್ಚಕರ ಮನೆಗಳಿಂದ, ದೇವಸ್ಥಾನಗಳಿಂದ ಬಂದವು. ಅಲ್ಲೇ ಬಿಟ್ಟಿದ್ದರೆ ಎಷ್ಟೋ ಕಟ್ಟುಗಳು ಹುಳ ತಿಂದು ಪುಡಿಯಾಗುತ್ತಿದ್ದವು. 2005ರಲ್ಲಿ ಯುನೆಸ್ಕೊ ಇವನ್ನು ವಿಶ್ವದ ನೆನಪಿನ ಪಟ್ಟಿಗೆ ಸೇರಿಸಿತು. ಫ್ರೆಂಚರ ಹಣದಲ್ಲಿ ಉಳಿದದ್ದು ನಮ್ಮ ಓಲೆಗರಿ!

ನನಗೆ ಇನ್ನೂ ಹತ್ತಿರದ್ದು ಕೊಡಗಿನ ಉಪ್ಪಂಗಳ. ಕಡಮಕಲ್ಲು ಮೀಸಲು ಅರಣ್ಯದಲ್ಲಿ ಈ ಸಂಸ್ಥೆಯವರು ಮೂವತ್ತಕ್ಕೂ ಹೆಚ್ಚು ವರ್ಷದಿಂದ ಅವೇ ಮರಗಳನ್ನು ಅಳೆಯುತ್ತಾ ಬಂದಿದ್ದಾರೆ. ಯಾವುದು ದಪ್ಪವಾಯಿತು, ಯಾವುದು ಬಿತ್ತು, ಯಾವ ಸಸಿ ಎದ್ದಿತು, ಎಲ್ಲದಕ್ಕೂ ಲೆಕ್ಕ ಇದೆ. ಪಶ್ಚಿಮ ಘಟ್ಟದ ಕಾಡು ಹೇಗೆ ಬದಲಾಗುತ್ತಿದೆ ಎಂದು ಸುಮ್ನೆ ಊಹಿಸಿ ಹೇಳುವುದು ಬೇರೆ, ಅಳತೆ ಕೈಯಲ್ಲಿಟ್ಟುಕೊಂಡು ಹೇಳುವುದು ಬೇರೆ.

ಹಾಗಾಗಿ ನೆಂಟರಿಗೆ ನನ್ನ ಉತ್ತರ: ಮುಚ್ಚಬಾರದು. ನನ್ನ ಚಿಂತೆ ಬೇರೆ. ಗ್ರಂಥ ಲಿಪಿಯನ್ನು ಸರಾಗವಾಗಿ ಓದುವ ಪಂಡಿತರಿಗೆ ವಯಸ್ಸಾಗುತ್ತಿದೆ. ಅವರ ಪಕ್ಕ ಕೂತು ಕಲಿಯುವ ಹುಡುಗ ಹುಡುಗಿಯರು ಬೇಕು. ಟೇಪು ಹಿಡಿದು ಉಪ್ಪಂಗಳದ ಜಿಗಣೆ ಕಾಡಿಗೆ ಇಳಿಯುವವರೂ ಬೇಕು. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ದಯವಿಟ್ಟು ಒಮ್ಮೆ ಇಲ್ಲಿಗೆ ಕಳಿಸಿ.