ತರೀಕೆರೆಗೆ ಒಂದು ಟಿಕೆಟ್

ಶನಿವಾರ ಮಧ್ಯಾಹ್ನ ಶಿವಮೊಗ್ಗದಲ್ಲಿ ಬಸ್ ಹತ್ತಿದೆ. ನನ್ನ ಮುಂದಿನ ಸೀಟಲ್ಲಿ ಹನ್ನೆರಡು ಹದಿಮೂರು ವರ್ಷದ ಹುಡುಗ. ತೊಡೆ ಮೇಲೆ ಸ್ಕೂಲ್ ಬ್ಯಾಗು, ಕೈಯಲ್ಲಿ ನಾಲ್ಕಾಗಿ ಮಡಚಿದ ನೋಟು. ಕಂಡಕ್ಟರ್ ಬಂದು "ಎಲ್ಲಿಗಪ್ಪ?" ಅಂದರು.

"ಭ... ಭ..."

ಹುಡುಗನ ಕತ್ತಿನ ನರ ಬಿಗಿಯಾಯಿತು. ಕಣ್ಣು ಮುಚ್ಚಿಕೊಂಡ. ಬಲಗೈ ತೊಡೆಯನ್ನು ಮೆಲ್ಲಗೆ ತಟ್ಟುತ್ತಿತ್ತು. ಪಕ್ಕದವನು ಮೊಬೈಲಿಂದ ತಲೆ ಎತ್ತಿ ನೋಡಿದ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. "ಬೇಗ ಹೇಳಪ್ಪ, ಸ್ಟೇಜ್ ಬಂತು" ಅಂದರು ಕಂಡಕ್ಟರ್. ಹುಡುಗ ಕಣ್ಣು ಬಿಟ್ಟ. ಒಂದು ಚೂರೂ ತಡವರಿಸದೆ "ತರೀಕೆರೆ" ಅಂದ.

ಇಳಿದದ್ದು ಮಾತ್ರ ಭದ್ರಾವತಿಯಲ್ಲಿ.

ನಾಲ್ಕು ದಿನ ಆಯಿತು, ಆ "ತರೀಕೆರೆ" ಇನ್ನೂ ಕಿವಿಯಲ್ಲೇ ಇದೆ. ಎಷ್ಟು ಸಲೀಸಾಗಿ ಬಂತು! ಭದ್ರಾವತಿಯಿಂದ ಇಪ್ಪತ್ತು ಕಿಲೋಮೀಟರ್ ಮುಂದಿರುವ ಊರು ಅದು. ಇಲ್ಲದ ಪ್ರಯಾಣಕ್ಕೆ ಹುಡುಗ ತನ್ನ ಜೇಬಿಂದ ದುಡ್ಡು ಕೊಟ್ಟ. ನನ್ನಂಥ ಉಗ್ಗುವವರಿಗೆ ಇದೇನೂ ಹೊಸದಲ್ಲ. ಬನ್ಸ್ ತಿನ್ನಬೇಕು ಅಂತ ಹೋಟೆಲಿಗೆ ಹೋಗಿ ಇಡ್ಲಿ ತಿಂದು ಬಂದದ್ದಕ್ಕೆ ಲೆಕ್ಕವೇ ಇಲ್ಲ. ನನಗೂ ಕಾಟ ಕೊಡುವುದು ಬ ಮತ್ತು ಭ. ಹುಟ್ಟಿದ್ದೂ ಭದ್ರಾವತಿಯಲ್ಲೇ, ನೋಡಿ ಗ್ರಹಚಾರ. ಅಜ್ಜಿ ದಿನಾ ಬೆಳಿಗ್ಗೆ ಬಜೆ ತೇದು ನಾಲಿಗೆಗೆ ಹಚ್ಚುತ್ತಿದ್ದಳು. ಬಾಯೆಲ್ಲ ಖಾರ. "ಏನೋ ಇದು ಹೇಳು?" ಅಂತ ಯಾರಾದರೂ ಕೇಳಿದರೆ ಬಜೆ ಅನ್ನುವುದಕ್ಕೂ ಆಗುತ್ತಿರಲಿಲ್ಲ.

ಇದೇ ಅಕ್ಷರದ ಕಾಟ ಇರುವ ಇನ್ನೊಬ್ಬರಿದ್ದಾರೆ. ರೋವನ್ ಅಟ್ಕಿನ್ಸನ್. ಹಾಗಂದರೆ ಯಾರು ಅಂತೀರಿ. ಮಿಸ್ಟರ್ ಬೀನ್ ಅಂದರೆ ನಿಮ್ಮ ಮನೆ ಮಗುವಿಗೂ ಗೊತ್ತು.

ನಾನು ನೋಡಿದ್ದು ಪೋಗೊ ಚಾನಲ್‌ನಲ್ಲಿ, ಅಜ್ಜಿಯ ಪಕ್ಕ ಕೂತು. ಅಜ್ಜಿಗೆ ಇಂಗ್ಲಿಷ್ ಬಾರದು. ಬೇಕಾಗಿಯೂ ಇರಲಿಲ್ಲ. "ಹುರುಳಿಕಾಯಿ ಬಂದ ನೋಡು" ಅಂತ ಕೂಗಿ ಕರೆಯುತ್ತಿದ್ದಳು. ಟರ್ಕಿ ಕೋಳಿಯ ಹೊಟ್ಟೆಯೊಳಗೆ ವಾಚು ಬೀಳಿಸಿಕೊಂಡು, ಹುಡುಕಲು ಹೋಗಿ ತಲೆಯನ್ನೇ ಸಿಕ್ಕಿಸಿಕೊಳ್ಳುತ್ತಾನಲ್ಲ, ಅದನ್ನು ನೋಡಿ ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದು ನೆನಪಿದೆ. ಅಜ್ಜಿ ಇಟ್ಟ ಹೆಸರೇನೂ ತಪ್ಪಲ್ಲ. ಆ ಪಾತ್ರಕ್ಕೆ ಹೆಸರು ಸಿಗದೆ ತರಕಾರಿಗಳ ಹೆಸರನ್ನೆಲ್ಲ ಯೋಚಿಸಿದ್ದರಂತೆ. ಮಿಸ್ಟರ್ ಹೂಕೋಸು ಆಗುವುದು ಸ್ವಲ್ಪದರಲ್ಲಿ ತಪ್ಪಿತು.

ಆದರೆ ಕೊನೆಗೆ ಬೀನ್! ಉಗ್ಗುವವನಿಗೆ ಬ ಅಕ್ಷರದ ಹೆಸರು. ಅದಕ್ಕೂ ಮೊದಲು 1983ರಿಂದ 89ರವರೆಗೆ ಅವರಿಗೆ ಹೆಸರು ತಂದ ಪಾತ್ರ ಬ್ಲ್ಯಾಕ್‌ಆ್ಯಡರ್. ಅದೂ ಬ. ಅದರಲ್ಲಿ 'ಬಾಬ್' ಅನ್ನುವ ಹೆಸರನ್ನು ಅವರು ತುಟಿ ಬಿಗಿದು, ಉಬ್ಬಿಸಿ, ಪಟಾಕಿ ಸಿಡಿಸಿದ ಹಾಗೆ ಹೇಳುತ್ತಾರೆ. ಜನ ಬಿದ್ದು ಬಿದ್ದು ನಗುತ್ತಾರೆ. ನಾನೂ ನಗುತ್ತೇನೆ, ಆದರೆ ನನ್ನ ತುಟಿಯೂ ಜೊತೆಗೆ ಬಿಗಿಯಾಗುತ್ತದೆ.

ಇಂಗ್ಲೆಂಡಿನ ಕಾನ್ಸೆಟ್ ಅನ್ನುವ ಊರಲ್ಲಿ 1955ರಲ್ಲಿ ಹುಟ್ಟಿದ ರೈತನ ಮಗ ಅವರು. ನ್ಯೂಕ್ಯಾಸಲ್‌ನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ಆಕ್ಸ್‌ಫರ್ಡ್‌ನಲ್ಲಿ ಎಂಎಸ್ಸಿ. ನಮ್ಮ ಕಡೆ ಆಗಿದ್ದರೆ "ಅಷ್ಟು ಓದಿ ಕೋಡಂಗಿ ಆಗೋದಾ?" ಅಂತ ಮನೆಯಲ್ಲಿ ಊಟ ಬಿಡುತ್ತಿದ್ದರು. ಬೀನ್ ಮೊದಲು ಬಂದದ್ದು 1990ರ ಜನವರಿ 1ರಂದು. ಆಮೇಲೆ ಐದಾರು ವರ್ಷದಲ್ಲಿ ಮಾಡಿದ್ದು ಒಟ್ಟು ಹದಿನೈದೇ ಕಂತು. ಹದಿನೈದೇ! ನಮ್ಮ ಧಾರಾವಾಹಿಗಳಲ್ಲಿ ಅಷ್ಟು ಕಂತಿಗೆ ನಾಯಕಿ ಕಣ್ಣೀರು ಒರೆಸಿಕೊಂಡು ಮುಗಿದಿರುವುದಿಲ್ಲ. 2012ರ ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಂತೂ ಒಂದು ಮಾತೂ ಆಡದೆ, ಕೀಬೋರ್ಡಿನ ಒಂದೇ ಮನೆ ಒತ್ತುತ್ತಾ ಕೂತು ಇಡೀ ಲೋಕವನ್ನು ನಗಿಸಿದರು.

ಬೇರೆ ಪಾತ್ರ ಮಾಡುವಾಗ ತನ್ನ ಉಗ್ಗು ಮಾಯವಾಗುತ್ತದೆ ಅಂತ ಅಟ್ಕಿನ್ಸನ್ ಒಮ್ಮೆ ಹೇಳಿಕೊಂಡಿದ್ದರು. ಓದಿದಾಗ ಸುಮ್ನೆ ಹೌದಲ್ವಾ ಅಂದುಕೊಂಡಿದ್ದೆ. ಶನಿವಾರ ಕಣ್ಣಾರೆ ಕಂಡೆ. ಕಣ್ಣು ಮುಚ್ಚಿದಾಗ ಅವನು ಭದ್ರಾವತಿ ಹುಡುಗ. ಬಿಟ್ಟಾಗ ತರೀಕೆರೆ ಹುಡುಗ. ತರೀಕೆರೆ ಹುಡುಗನಿಗೆ ಉಗ್ಗೇ ಇಲ್ಲ. ಆ ಪಾತ್ರ ಮಾಡಿದ್ದಕ್ಕೆ ಅಟ್ಕಿನ್ಸನ್‌ಗೆ ದುಡ್ಡು ಬರುತ್ತದೆ, ಇವನು ತಾನೇ ಕೊಡಬೇಕು. ಅಷ್ಟೇ ವ್ಯತ್ಯಾಸ.

ಕಂಡಕ್ಟರ್ ಮೇಲೆ ನನಗೆ ಸಿಟ್ಟಿಲ್ಲ. ಸ್ಟೇಜ್ ಬರುವುದರೊಳಗೆ ಟಿಕೆಟ್ ಮುಗಿಸಬೇಕು, ಪಾಪ. ಸಿಟ್ಟು ಆ ಕಿಸಕ್ಕನೆ ನಕ್ಕವರ ಮೇಲೆ. ಅವರಿಗೆ ಅದನ್ನು ಕಲಿಸಿದ್ದೂ ನಮ್ಮ ಟಿವಿಯೇ. ಕಾಮಿಡಿ ಶೋಗಳಲ್ಲಿ ಬರೆಯಲು ಏನೂ ಹೊಳೆಯದಿದ್ದಾಗ ಒಬ್ಬ ಉಗ್ಗನನ್ನು ತಂದು ನಿಲ್ಲಿಸುತ್ತಾರೆ. ಅವನು ಕಕಕ ಅನ್ನಬೇಕು, ಜಡ್ಜ್‌ಗಳು ಟೇಬಲ್ ಕುಟ್ಟಬೇಕು. ಮಾತೇ ಇಲ್ಲದೆ ಅಜ್ಜಿಯನ್ನು ನಗಿಸಿದವನ ಎದುರು ಇದು ಸೋಮಾರಿ ಕೆಲಸ.

ಇನ್ನು ನಾನು. ಮುಂದಿನ ಸೀಟು, ಕೈಗೆಟುಕುವ ದೂರ. "ಭದ್ರಾವತಿ" ಅಂತ ಅವನ ಪರವಾಗಿ ಹೇಳಬಹುದಿತ್ತಾ? ಹೇಳಲಿಲ್ಲ. ನನ್ನ ಬಾಯಲ್ಲಿದ್ದ ಮಾತನ್ನು ಇನ್ನೊಬ್ಬರು ಮುಗಿಸಿದಾಗ ನನಗೆ ಮೈ ಉರಿಯುತ್ತಿತ್ತು, ಅದಕ್ಕೆ. ಇದು ಒಳ್ಳೆಯ ಕಾರಣ. ಇನ್ನೊಂದು ಕಾರಣವೂ ಇದೆ. ಹೇಳಲು ಹೋಗಿ ನಾನೂ ಭ ಹತ್ತಿರ ನಿಂತುಬಿಟ್ಟಿದ್ದರೆ?

ಭದ್ರಾವತಿ ಬಂದಾಗ ಹುಡುಗ ಎದ್ದು ಬಾಗಿಲಿಗೆ ಹೋದ. "ಏಯ್, ನಿಂದು ತರೀಕೆರೆ ಅಲ್ವೇನೋ?" ಅಂತ ಕಂಡಕ್ಟರ್ ಕೂಗಿದರು. ಅವನು ತಿರುಗಿ ನೋಡದೆ ಇಳಿದು, ಬ್ಯಾಗ್ ಹೆಗಲಿಗೇರಿಸಿ ನಡೆದ. "ಏನ್ ಹುಡುಗರೋ, ಸುಮ್ನೆ ದುಡ್ಡು ದಂಡ" ಅಂದರು ಕಂಡಕ್ಟರ್ ನನ್ನ ಕಡೆ ನೋಡಿ. ನಾನು ತಲೆಯಾಡಿಸಿದೆ.

ಆಮೇಲೆ ತರೀಕೆರೆ ಬಂತು, ಹೋಯಿತು. ಬೀರೂರಲ್ಲಿ ನಾನು ಎದ್ದೆ. ಕಂಡಕ್ಟರ್ ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ನನ್ನ ಕೈಯಲ್ಲಿದ್ದ ಟಿಕೆಟ್ ನೋಡಿದರು. ಅದು ಕಡೂರಿನದು.