ಮಾದಾವರದ ಹತ್ತಿರ ಡಾಂಬರು ಹಾಕುತ್ತಿದ್ದ ರಾತ್ರಿ

ದಾವಣಗೆರೆಯಲ್ಲಿ ಚಿಕ್ಕಮ್ಮನ ಮನೆ ಗೃಹಪ್ರವೇಶ ಮುಗಿಸಿಕೊಂಡು ನಾನೂ ತಮ್ಮನೂ ಕಾರಿನಲ್ಲಿ ಬೆಂಗಳೂರಿಗೆ ವಾಪಸ್ ಬರುತ್ತಿದ್ದೆವು. ನೆಲಮಂಗಲ ದಾಟಿ, ಇನ್ನೇನು ಮಾದಾವರ ಬಂತು ಅನ್ನುವಾಗ ಹಿಂದಿನ ಟೈರ್ ಪಂಕ್ಚರ್ ಆಯಿತು. ರಾತ್ರಿ ಹನ್ನೊಂದು ದಾಟಿತ್ತು. ತಮ್ಮ ಗಾಡಿಯನ್ನು ಎಡಕ್ಕೆ ತಂದು ನಿಲ್ಲಿಸಿದ. ಡಿಕ್ಕಿ ತೆಗೆದು ನೋಡಿದರೆ ಸ್ಟೆಪ್ನಿಯಲ್ಲೂ ಗಾಳಿ ಇಲ್ಲ. ನೆಲಮಂಗಲದ ಪಂಕ್ಚರ್ ಅಂಗಡಿಯವನಿಗೆ ಫೋನ್ ಮಾಡಿದ್ದಕ್ಕೆ ‘ಒಂದು ಗಂಟೇಲಿ ಬರ್ತೀನಿ ಸಾರ್’ ಅಂದ.

ನಮ್ಮ ಮುಂದೆ ಸ್ವಲ್ಪ ದೂರದಲ್ಲಿ ರಸ್ತೆ ಕೆಲಸ ನಡೆದಿತ್ತು. ಒಂದು ಲೇನ್ ಮುಚ್ಚಿ ಡಾಂಬರು ಹಾಕುತ್ತಿದ್ದರು. ಕೆಂಪು ಬಾವುಟ, ಮಿನುಗುವ ಬ್ಯಾಟನ್ ಹಿಡಿದು ನಿಂತಿದ್ದ ಹೆಂಗಸೊಬ್ಬರು ನಮ್ಮನ್ನು ನೋಡಿ ಕೂಗಿದರು. “ಯಕ್ಕಾ, ಅಲ್ಲಿ ನಿಂದ್ರಬ್ಯಾಡ್ರಿ! ಈ ಕಡೆ ಬರ್ರಿ, ಕೋನಿನ ಒಳಗ ಬರ್ರಿ.” ಮೇಸ್ತ್ರಿ ಒಬ್ಬ ಹುಡುಗನ ಕೈಲಿ ಎರಡು ಕೋನ್ ಕೊಟ್ಟು ನಮ್ಮ ಕಾರಿನ ಹಿಂದೆ, ಸಾಕಷ್ಟು ದೂರದಲ್ಲಿ ಇಡಿಸಿದರು. ಯಾರೂ ಕೇಳಿರಲಿಲ್ಲ.

ನಾನು ಕೆಲಸ ಮಾಡುವುದು ವಕೀಲರೊಬ್ಬರ ಆಫೀಸಿನಲ್ಲಿ. ಅಲ್ಲಿ ಅಪಘಾತ ಪರಿಹಾರದ ಕೇಸುಗಳೇ ಜಾಸ್ತಿ. ಕ್ಲೇಮ್ ಅರ್ಜಿ ಟೈಪ್ ಮಾಡುವುದು, ಕಕ್ಷಿದಾರರಿಂದ ದಾಖಲೆ ತರಿಸಿಕೊಳ್ಳುವುದು ನನ್ನ ಪಾಲಿನ ಕೆಲಸ. ರಸ್ತೆ ಕೆಲಸ ಮಾಡುವಾಗ ಗಾಡಿ ಹೊಡೆದು ತೀರಿಹೋದವರ ಹೆಂಡತಿ, ಅಪ್ಪ, ಅಣ್ಣ ನಮ್ಮ ಆಫೀಸಿನ ಬೆಂಚಿನ ಮೇಲೆ ಬಂದು ಕೂರುತ್ತಾರೆ. ‘ಮೃತರು ರಸ್ತೆ ಕಾಮಗಾರಿಯಲ್ಲಿ ತೊಡಗಿದ್ದಾಗ ಸದರಿ ವಾಹನದ ಚಾಲಕನು ಅತಿವೇಗ ಮತ್ತು ನಿರ್ಲಕ್ಷ್ಯದಿಂದ’ ಅಂತ ಶುರುವಾಗುವ ಸಾಲು ನನಗೆ ಬಾಯಿಪಾಠ. ಆ ಸಾಲು ಹೇಳುವ ಜಾಗದಲ್ಲಿ ಗಂಟೆಗಟ್ಟಲೆ ನಿಂತು ನೋಡಿದ್ದು ಅವತ್ತೇ ಮೊದಲು.

ಡಾಂಬರು ಹಾಕುವುದನ್ನು ಹತ್ತಿರದಿಂದ ನೋಡಿದರೆ ಒಂದು ವಿಷಯ ಬೇಗ ಗೊತ್ತಾಗುತ್ತದೆ. ಇದು ಮಧ್ಯದಲ್ಲಿ ನಿಲ್ಲಿಸಬಹುದಾದ ಕೆಲಸ ಅಲ್ಲ. ಟಿಪ್ಪರಿನಿಂದ ಬೀಳುವ ಜಲ್ಲಿ–ಡಾಂಬರಿನ ಮಿಶ್ರಣ ಸುಮಾರು 150 ಡಿಗ್ರಿ ಬಿಸಿ ಇರುತ್ತದೆ. ಪೇವರ್ ಅದನ್ನು ಹಾಸಿಕೊಂಡು ಹೋದ ಬೆನ್ನಿಗೇ ರೋಲರ್ ಓಡಬೇಕು. ಆರಿದ ಮೇಲೆ ರೋಲರ್ ಓಡಿಸಿದರೆ ಅದು ಸರಿಯಾಗಿ ಕೂರುವುದಿಲ್ಲ, ಮಳೆಗಾಲದಲ್ಲಿ ಕಿತ್ತು ಬರುತ್ತದೆ. ಪೇವರ್ ಬಿಟ್ಟುಹೋದ ಅಂಚನ್ನು ನಾಲ್ಕೈದು ಹುಡುಗರು ರೇಕಿನಿಂದ ಎಳೆದು, ಸಲಿಕೆಯಿಂದ ತಟ್ಟಿ ಸರಿಮಾಡುತ್ತಿದ್ದರು. ಅವರ ಮುಖವೆಲ್ಲ ಡಾಂಬರಿನ ಕಡೆ, ಬೆನ್ನು ಓಡುವ ಗಾಡಿಗಳ ಕಡೆ. ಪೇವರ್, ರೋಲರ್, ಜನರೇಟರ್ ಮೂರೂ ಸೇರಿ ಎಷ್ಟು ಸದ್ದು ಅಂದರೆ ಪಕ್ಕದಲ್ಲಿದ್ದ ತಮ್ಮನ ಮಾತೇ ನನಗೆ ಕೇಳುತ್ತಿರಲಿಲ್ಲ. ಹಿಂದಿನಿಂದ ಗಾಡಿ ನುಗ್ಗಿ ಬಂದರೆ ಆ ಹುಡುಗರಿಗೆ ಕಾಣುವುದಿಲ್ಲ, ಕೇಳುವುದೂ ಇಲ್ಲ. ಅವರ ಪರವಾಗಿ ನೋಡುವವರು ಬಾವುಟ ಹಿಡಿದ ಆ ಅಕ್ಕ ಒಬ್ಬರೇ.

ಆ ಅಕ್ಕ ಯಾದಗಿರಿ ಕಡೆಯವರು. ರೇಕ್ ಎಳೆಯುತ್ತಿದ್ದವರಲ್ಲಿ ಒಬ್ಬರು ಅವರ ಗಂಡ. ಮಕ್ಕಳು ಊರಲ್ಲಿ ಅಜ್ಜಿ ಹತ್ತಿರ. ಮಾತಾಡುವಾಗ ಒಂದು ಸಲವೂ ನನ್ನ ಕಡೆ ತಿರುಗಲಿಲ್ಲ, ಕಣ್ಣು ರಸ್ತೆ ಮೇಲೇ ಇತ್ತು. “ಲಾರಿಯವ್ರು ದೂರಿಂದೇ ಡಿಪ್ ಮಾಡ್ತಾರ್ರಿ. ಅವ್ರು ನಮಗ ನೋಡ್ಯಾರಂತ ಗೊತ್ತಾಗ್ತದ. ಕಾರಿನವ್ರದು ಹೇಳ್ಲಿಕ್ಕಾಗಲ್ರೀ. ಕೆಲವ್ರ ಮಾರಿ ಮ್ಯಾಲ ಫೋನಿನ ಬೆಳಕು ಇರ್ತದ. ಅಂಥ ಗಾಡಿ ಬಂದ್ರ ನಾ ಮೊದ್ಲ ಸೀಟಿ ಹೊಡಿತೀನಿ, ಆಮ್ಯಾಲ ಬಾವುಟ.” ಸೀಟಿ ಡ್ರೈವರ್‌ಗಲ್ಲ, ಹಿಂದೆ ಕೆಲಸ ಮಾಡುವವರಿಗೆ. ಆ ಗದ್ದಲದಲ್ಲಿ ಅದು ಎಷ್ಟು ಜನಕ್ಕೆ ಕೇಳುತ್ತದೆ ಅಂತ ನಾನು ಕೇಳಲಿಲ್ಲ. ಅವರ ಜಾಕೆಟ್ಟಿನ ಹೊಳೆಯುವ ಪಟ್ಟಿ ಧೂಳು, ಎಣ್ಣೆ ಕುಡಿದು ಕಪ್ಪಾಗಿತ್ತು. ನಮ್ಮ ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ, ಮಿಂಚಲಿಲ್ಲ.

ಎಚ್ಚರಿಕೆ ಬೋರ್ಡ್ ಒಂದಿತ್ತು. ತ್ರಿಕೋನದೊಳಗೆ ಸಲಿಕೆ ಹಿಡಿದ ಮನುಷ್ಯನ ಚಿತ್ರ, ಕೆಳಗೆ ‘ನಿಧಾನವಾಗಿ ಚಲಿಸಿ’. ಆದರೆ ಅದನ್ನು ನಿಲ್ಲಿಸಿದ್ದು ಆ ಅಕ್ಕ ನಿಂತ ಜಾಗದಿಂದ ಕೆಲವೇ ಹೆಜ್ಜೆ ಹಿಂದೆ. ಬರುವ ಡ್ರೈವರ್‌ಗೆ ಬೋರ್ಡ್ ಕಾಣುವ ಹೊತ್ತಿಗೆ ಅವರೂ ಎದುರಿಗೇ ಇರುತ್ತಾರೆ. ಗಂಟೆಗೆ 80 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಬರುತ್ತದೆ. ಕಣ್ಣಿಗೆ ಬಿದ್ದು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ. ಅದೇ ಗಾಡಿ 40ರಲ್ಲಿ ಬಂದರೆ ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರ ಅರ್ಧ ಅಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ.

ಒಂದು ಗಂಟೆ ಅಂದವನು ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಅದು ಆಯಿತು.

ಬಿಳಿ ಕಾರೊಂದು ಮುಚ್ಚಿದ ಲೇನಿನಲ್ಲೇ ನೇರ ಬಂತು. ಅಕ್ಕ ಸೀಟಿ ಹೊಡೆದರು, ಬ್ಯಾಟನ್ ಬೀಸಿದರು. ಕಾರು ಬಲಕ್ಕೆ ತಿರುಗಿದ್ದು ಕೊನೇ ಗಳಿಗೆಯಲ್ಲಿ. ಬೋರ್ಡ್ ಬಿತ್ತು. ಸಾಲಾಗಿ ಇಟ್ಟಿದ್ದ ಕೋನುಗಳು ಒಂದರ ಮೇಲೊಂದು ಹಾರಿದವು. ಒಂದು ಕೋನ್ ಗಾಳಿಯಲ್ಲಿ ತಿರುಗುತ್ತಾ ಹೋಗಿ ರೇಕ್ ಹುಡುಗನ ಸೊಂಟಕ್ಕೆ ಬಡಿಯಿತು. ಅಕ್ಕ ಮೋರಿ ಕಡೆಗೆ ಹಾರಿ ಮಂಡಿಯೂರಿ ಬಿದ್ದಿದ್ದರು. ಕಾರು ನಿಲ್ಲಲಿಲ್ಲ. ತಮ್ಮ ನಂಬರ್ ಓದಲು ನೋಡಿದ, ಕೊನೆಯ ಎರಡು ಅಂಕಿ ಮಾತ್ರ ಸಿಕ್ಕಿತು.

ನನಗೆ ಕೈಕಾಲು ಆಡಲಿಲ್ಲ. ಅಕ್ಕ ಎದ್ದು ಮೊದಲು ಹಿಂದಕ್ಕೆ ನೋಡಿ ಗಂಡನ ಹೆಸರು ಕೂಗಿದರು. ಗಂಡ ಕೈ ಎತ್ತಿದರು. ಆಮೇಲೆ ಅಕ್ಕ ತಮ್ಮ ಮಂಡಿ ನೋಡಿಕೊಂಡರು, ತರಚಿ ರಕ್ತ ಬಂದಿತ್ತು. ಯಾರೋ ಫ್ಲಾಸ್ಕಿನಿಂದ ಟೀ ಕೊಟ್ಟರು. ಪೇವರ್ ನಿಲ್ಲಲಿಲ್ಲ. ಟಿಪ್ಪರಿನಲ್ಲಿ ಅರ್ಧ ಲೋಡ್ ಬಾಕಿ ಇತ್ತಲ್ಲ. “ದಿನಾ ಒಂದಿಲ್ಲೊಂದು ಇರ್ತದ್ರೀ ಯಕ್ಕಾ” ಅಂದರು. ಲೋಟ ಹಿಡಿದ ಕೈ ನಡುಗುತ್ತಿತ್ತು.

ನಾವು 112ಕ್ಕೆ ಫೋನ್ ಮಾಡಿದೆವು. ಪೊಲೀಸ್ ಜೀಪ್ ಬಂತು. ಅವರು ವಿವರ ಬರೆದುಕೊಂಡರು, ಬಿದ್ದ ಬೋರ್ಡನ್ನು ಇನ್ನೂ ಹಿಂದಕ್ಕೆ ಇಡಿಸಿದರು. ಆಮೇಲೆ ಜೀಪನ್ನೂ ಅಷ್ಟೇ ದೂರ ಹಿಂದೆ ತೆಗೆದುಕೊಂಡು ಹೋಗಿ, ಮೇಲಿನ ಕೆಂಪು–ನೀಲಿ ದೀಪ ಹಾಕಿ ನಿಲ್ಲಿಸಿಕೊಂಡರು. ಅಲ್ಲಿಂದ ಅರ್ಧ ಗಂಟೆ ನಾನು ನೋಡಿದ್ದು ಬೇರೆಯದೇ ರಸ್ತೆ. ಗಾಡಿಗಳು ದೂರದಲ್ಲೇ ವೇಗ ಇಳಿಸಿ, ಬಲಕ್ಕೆ ಸರಿದು, ಒಂದರ ಹಿಂದೆ ಒಂದು ಬರುತ್ತಿದ್ದವು. ಅಕ್ಕ ಬಾವುಟ ಬೀಸುವ ಅಗತ್ಯವೇ ಬೀಳಲಿಲ್ಲ. ಇನ್ನೊಂದು ಕರೆ ಬಂದು ಜೀಪ್ ಹೊರಟಿತು. ಐದು ನಿಮಿಷದಲ್ಲಿ ಎಲ್ಲಾ ಮತ್ತೆ ಮೊದಲಿನ ಹಾಗೇ. ದೀಪ ಇದ್ದಾಗ ಬಂದವರೂ ಹೋದ ಮೇಲೆ ಬಂದವರೂ ಅದೇ ತುಮಕೂರು ರಸ್ತೆಯ ಡ್ರೈವರ್‌ಗಳು ಅಲ್ವಾ?

ಹಾಗಾಗಿ ‘ನಮ್ಮ ಜನಕ್ಕೆ ಬುದ್ಧಿ ಇಲ್ಲ’ ಅಂತ ಹೇಳಿ ಸುಮ್ನಾಗುವುದು ನನಗೆ ಒಪ್ಪಿಗೆ ಇಲ್ಲ. ಬುದ್ಧಿ ಬರುವ ಹಾಗೆ ಸಾಕಷ್ಟು ಮೊದಲೇ ಏನೂ ಕಾಣಿಸುವುದಿಲ್ಲ. ಇದು ಹೊಸದಾಗಿ ಕಂಡುಹಿಡಿಯಬೇಕಾದ ವಿಷಯವೂ ಅಲ್ಲ. ಕೆಲಸ ನಡೆಯುವ ಜಾಗದಲ್ಲಿ ಸಂಚಾರ ಹೇಗೆ ನಿಭಾಯಿಸಬೇಕು ಅಂತ ರಸ್ತೆ ಎಂಜಿನಿಯರ್‌ಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐಆರ್‌ಸಿ) ಪ್ರತ್ಯೇಕ ಮಾರ್ಗಸೂಚಿಯನ್ನೇ ಮಾಡಿದೆ. ಐಆರ್‌ಸಿ ಎಸ್‌ಪಿ 55 ಅಂತ ಅದರ ಸಂಖ್ಯೆ, 2014ರಲ್ಲಿ ಪರಿಷ್ಕರಿಸಿದ್ದು. ಅದರ ಪ್ರಕಾರ ಕೆಲಸದ ಜಾಗ ಒಂದೇ ಅಲ್ಲ, ನಾಲ್ಕು ಭಾಗ. ಮೊದಲು ದೂರದಿಂದ ಎಚ್ಚರಿಸುವ ಭಾಗ, ಆಮೇಲೆ ಕೋನುಗಳನ್ನು ಓರೆಯಾಗಿ ಇಟ್ಟು ಗಾಡಿಗಳನ್ನು ಪಕ್ಕದ ಲೇನಿಗೆ ಸರಿಸುವ ಭಾಗ, ಆಮೇಲೆ ಕೆಲಸ, ಕೊನೆಗೆ ಗಾಡಿಗಳನ್ನು ವಾಪಸ್ ಲೇನಿಗೆ ಬಿಡುವ ಭಾಗ. ರಸ್ತೆಯ ವೇಗ ಹೆಚ್ಚಿದ್ದಷ್ಟೂ ಮೊದಲ ಭಾಗ ಉದ್ದ ಇರಬೇಕು. ನಾನು ಕಂಡ ಜಾಗದಲ್ಲಿ ಮೊದಲ ಭಾಗ ಇರಲೇ ಇಲ್ಲ. ಎರಡನೆಯದು ನೆಪಕ್ಕೆ ಇತ್ತು.

ಇನ್ನು ಡ್ರೈವರ್ ಮೇಲಿನ ಕಾನೂನು. ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಅಪಾಯಕಾರಿ ಚಾಲನೆಯದ್ದು. 2019ರ ತಿದ್ದುಪಡಿಯಲ್ಲಿ ಅದಕ್ಕೆ ಒಂದು ಒಳ್ಳೆಯ ಮಾತು ಸೇರಿತು. ಗಾಡಿಯೊಳಗೆ ಇರುವವರು, ರಸ್ತೆಯಲ್ಲಿ ಹೋಗುವವರು ಮಾತ್ರ ಅಲ್ಲ, ರಸ್ತೆಯ ಹತ್ತಿರ ಇರುವವರಿಗೆ ಗಾಬರಿ ಹುಟ್ಟಿಸುವ ಹಾಗೆ ಓಡಿಸಿದರೂ ಅಪರಾಧ. ಯಾರಿಗೂ ಗಾಯ ಆಗಬೇಕಾಗಿಲ್ಲ. ಮೊದಲ ಸಲಕ್ಕೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಇಲ್ಲವೇ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ. ಆ ಬಿಳಿ ಕಾರಿನವನಿಗೆ ಇದು ಸರಿಯಾಗಿ ಹೊಂದುತ್ತದೆ. ಅದೇ ತಿದ್ದುಪಡಿಯಲ್ಲಿ ಬಂದ 198ಎ ಕಲಂ ಗುತ್ತಿಗೆದಾರ, ಅಧಿಕಾರಿಗಳಿಗೆ ಸಂಬಂಧಿಸಿದ್ದು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಒಂದು ಜೀವಕ್ಕೆ ಹೆಚ್ಚೆಂದರೆ ಒಂದು ಲಕ್ಷ! ಕೋಟಿಗಟ್ಟಲೆ ಗುತ್ತಿಗೆಯಲ್ಲಿ ಆ ಮೊತ್ತಕ್ಕೆ ಯಾರೂ ಹೆದರುವುದಿಲ್ಲ. ಅದೂ ಸಾವಾದ ಮೇಲೆ. ಬೋರ್ಡ್ ಇಲ್ಲದೆ ಕೆಲಸ ಶುರು ಮಾಡಿದ ರಾತ್ರಿಗೆ ಈ ಕಲಂನಲ್ಲಿ ಏನೂ ಇಲ್ಲ.

ನಮ್ಮ ಆಫೀಸಿಗೆ ಬರುವವರು ಅನುಭವಿಸುವುದು ಇದರ ಇನ್ನೊಂದು ತುದಿ. ಪಾಟೀ ಸವಾಲಿನಲ್ಲಿ ವಿಮಾ ಕಂಪನಿಯ ವಕೀಲರು ಕೇಳುತ್ತಾರೆ: ‘ಸ್ಥಳದಲ್ಲಿ ಎಚ್ಚರಿಕೆ ಫಲಕ ಇರಲಿಲ್ಲ ಎಂದರೆ ಸರಿಯೇ?’ ‘ಮೃತರು ರಿಫ್ಲೆಕ್ಟರ್ ಜಾಕೆಟ್ ಹಾಕಿರಲಿಲ್ಲ ಎಂದರೆ ಸರಿಯೇ?’ ಫಲಕ ಇಡಬೇಕಾದವರು ಗುತ್ತಿಗೆದಾರರು, ಜಾಕೆಟ್ ಕೊಡಬೇಕಾದವರೂ ಅವರೇ. ಉತ್ತರ ಕೊಡಬೇಕಾದವಳು ಮಾತ್ರ ಊರಿಂದ ಬಸ್ಸು ಹತ್ತಿ ಬಂದ ಹೆಂಡತಿ. ಗಾಡಿ ಗುರುತು ಸಿಗದೆ ಹೋದರೆ ಇನ್ನೂ ಕಷ್ಟ. ಗುದ್ದಿ ಓಡಿಹೋದ ಕೇಸಿನಲ್ಲಿ ಕಾಯ್ದೆ ಕೊಡುವುದು ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ. ಕೆಲಸದಲ್ಲಿದ್ದಾಗ ಆದ ಸಾವಾದ್ದರಿಂದ ನೌಕರರ ಪರಿಹಾರದ ಕಾನೂನಿನಡಿ ಕೇಳುವ ದಾರಿಯೂ ಇದೆ. ಮೊದಲು ಅದು 1923ರ ಕಾಯ್ದೆಯಲ್ಲಿತ್ತು, 2025ರ ನವೆಂಬರಿನಿಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. ಇದನ್ನು ಅವರಿಗೆ ಮೊದಲ ದಿನವೇ ಯಾರಾದರೂ ಹೇಳಬೇಕು, ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ.

ಹೊರದೇಶಗಳಲ್ಲಿ ಇದನ್ನು ಬೇರೆ ಥರ ನೋಡಿದ್ದಾರೆ. ಅಮೆರಿಕದ ಹಲವು ರಾಜ್ಯಗಳಲ್ಲಿ ರಸ್ತೆ ಕೆಲಸದ ಜಾಗದಲ್ಲಿ ವೇಗ ಮೀರಿದರೆ ದಂಡ ದುಪ್ಪಟ್ಟು. ರಸ್ತೆ ಬದಿ ದೀಪ ಹಾಕಿ ನಿಂತ ತುರ್ತು ವಾಹನ ಕಂಡರೆ ಒಂದು ಲೇನ್ ಆಚೆ ಸರಿಯಬೇಕು, ಆಗದಿದ್ದರೆ ವೇಗ ಇಳಿಸಬೇಕು ಅನ್ನುವ ಕಾನೂನು 50 ರಾಜ್ಯಗಳಲ್ಲೂ ಇದೆ. ಎಷ್ಟೋ ಕಡೆ ರಸ್ತೆ ರಿಪೇರಿ ಗಾಡಿಗಳಿಗೂ ಅದು ಅನ್ವಯ. ಬ್ರಿಟನ್ನಿನಲ್ಲಿ ಹೆದ್ದಾರಿ ರಿಪೇರಿ ನಡೆಯುವ ಉದ್ದಕ್ಕೂ ಸರಾಸರಿ ವೇಗ ಅಳೆಯುವ ಕ್ಯಾಮೆರಾ ಇಡುತ್ತಾರೆ. ಕ್ಯಾಮೆರಾ ಹತ್ತಿರ ಮಾತ್ರ ಬ್ರೇಕ್ ಹಾಕಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ನಮ್ಮ ಕಾಯ್ದೆಯಲ್ಲಿ ಕೆಲಸದ ಜಾಗಕ್ಕೆ ಅಂತ ದುಪ್ಪಟ್ಟು ದಂಡದ ಕಲಂ ಇಲ್ಲ. ಆದರೆ ಕ್ಯಾಮೆರಾ ನಮಗೆ ಹೊಸತಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 100 ದಾಟಿದವರನ್ನು ಅದೇ ಹಿಡಿಯುತ್ತಿದೆ. ಅಂಥದ್ದೊಂದನ್ನು ಟ್ರೈಲರ್ ಮೇಲೆ ಕೂರಿಸಿ ರಾತ್ರಿ ಕೆಲಸದ ಜಾಗಕ್ಕೆ ತರುವುದು ದೊಡ್ಡ ಮಾತೇನಲ್ಲ. ಬೆಳಗಿನ ಜಾವ ಹೊರ ವರ್ತುಲ ರಸ್ತೆ ಗುಡಿಸುವ ಪೌರಕಾರ್ಮಿಕರಿಗೂ ಇದೇ ರಕ್ಷಣೆ ಬೇಕು. ಅವರ ಹಿಂದೆ ಕೋನ್ ಕೂಡ ಇರುವುದಿಲ್ಲ.

ಪಂಕ್ಚರ್ ಹುಡುಗ ಬಂದಾಗ ಒಂದೂವರೆ ಆಗಿತ್ತು. ಹೊರಡುವ ಮುಂಚೆ ಬೋರ್ಡ್, ಕೋನುಗಳ ಸಾಲು, ಕಪ್ಪಾದ ಜಾಕೆಟ್ ಎಲ್ಲದರ ಫೋಟೊ ತೆಗೆದುಕೊಂಡೆ. ಅಕ್ಕನ ಮುಖ ಬರದ ಹಾಗೆ, ಅವರನ್ನು ಕೇಳಿಯೇ. ರಸ್ತೆ ಕೆಲಸದ ಜಾಗ ಮರುದಿನಕ್ಕೆ ಇನ್ನೊಂದು ಕಡೆ ಹೋಗಿಬಿಡುತ್ತದೆ, ಆಮೇಲೆ ಸಾಕ್ಷಿ ಹುಡುಕಿದರೂ ಸಿಗುವುದಿಲ್ಲ. ಈಗ ಆಫೀಸಿಗೆ ಇಂಥ ಕೇಸು ಬಂದರೆ ಸತ್ತವರ ಜೊತೆ ಕೆಲಸ ಮಾಡಿದವರನ್ನು ನಾನು ಮೊದಲು ಕೇಳುವುದೇ ಇದು: ಬೋರ್ಡ್ ಎಷ್ಟು ದೂರದಲ್ಲಿತ್ತು, ಯಾರ ಫೋನಿನಲ್ಲಾದರೂ ಫೋಟೊ ಇದೆಯಾ?

ಆ ಫೋಟೊಗಳ ಜೊತೆ ರಸ್ತೆ ನೋಡಿಕೊಳ್ಳುವ ಕಚೇರಿಗೆ ಒಂದು ಮನವಿ ಬರೆದೆ. ಮೊದಲ ಬೋರ್ಡನ್ನು ಮಾರ್ಗಸೂಚಿ ಹೇಳಿದ ದೂರದಲ್ಲೇ ಇಡಿಸಿ, ರಾತ್ರಿ ಕೆಲಸಕ್ಕೆ ಮಿನುಗುವ ದೀಪದ ಗಾಡಿಯೊಂದನ್ನು ಹಿಂದೆ ನಿಲ್ಲಿಸಿ, ಮಸಿ ಹಿಡಿದ ಜಾಕೆಟ್ ಬದಲಾಯಿಸಿ ಅಂತ. ಇದೆಲ್ಲ ಆಗಿದೆಯೇ ಅಂತ ಎಂಜಿನಿಯರ್ ನೋಡಿ ಸಹಿ ಹಾಕಿದ ಮೇಲೆಯೇ ಟಿಪ್ಪರ್ ಬರಲಿ ಅಂತಲೂ ಸೇರಿಸಿದೆ. ಸ್ವೀಕೃತಿ ಬಂದಿದೆ, ಉತ್ತರ ಬಂದಿಲ್ಲ. ಮೊನ್ನೆ ನೆನಪೋಲೆ ಕಳಿಸಿದೆ. ಈ ಸಲ ಒಂದು ಪ್ರತಿಯನ್ನು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಅಧ್ಯಕ್ಷರಾದ ಜಿಲ್ಲಾಧಿಕಾರಿಗಳಿಗೂ ಹಾಕಿದ್ದೇನೆ.