ಒಂದು ಫೈಂಡ್-ರಿಪ್ಲೇಸ್, ಒಂಬತ್ತು ಬೈಗುಳ

ನಮ್ಮ ಪತ್ರಿಕೆಯ ವಾರದ ಇತಿಹಾಸ ಪುಟಕ್ಕೆ ಒಂದು ಅನುವಾದ ಬಂದಿತ್ತು. 1890ರ ದಶಕದ ಅಮೆರಿಕದ ರೈತರು ಕಟ್ಟಿದ ಪೀಪಲ್ಸ್ ಪಾರ್ಟಿಯ ಕಥೆ. ಅನುವಾದಕರು 'ಪಾಪ್ಯುಲಿಸ್ಟ್' ಎಂಬ ಪದವನ್ನು ಹಾಗೇ ಬಿಟ್ಟಿದ್ದರು. ಇಂಗ್ಲಿಷ್ ಪದ ಆದಷ್ಟು ಬೇಡ ಎಂಬುದು ನಮ್ಮ ಡೆಸ್ಕಿನ ನಿಯಮ. ನಾನು ಫೈಂಡ್-ರಿಪ್ಲೇಸ್ ಹೊಡೆದು 'ಜನಮರುಳುವಾದಿ' ಮಾಡಿದೆ. ಒಂಬತ್ತು ಕಡೆ ಬದಲಾಯಿತು. ಪೇಜ್ ರಿಲೀಸ್ ಮಾಡಿದೆ.

ಸ್ವಲ್ಪ ಹೊತ್ತಿಗೆ ಪ್ರೂಫ್ ನೋಡುವ ಹಿರಿಯರು ಪ್ರಿಂಟ್ ಹಿಡಿದು ಬಂದರು. ಒಂದು ಸಾಲಿನ ಕೆಳಗೆ ಕೆಂಪು ಗೆರೆ: 'ಅವರು ತಮ್ಮನ್ನು ಹೆಮ್ಮೆಯಿಂದ ಜನಮರುಳುವಾದಿಗಳು ಎಂದು ಕರೆದುಕೊಂಡರು.'

"ಮೇಡಂ, ತನ್ನನ್ನ ತಾನೇ ಯಾರಾದ್ರೂ ಹೀಗೆ ಬೈಕೊಳ್ತಾರಾ?"

ನಾನು ಒಪ್ಪಲಿಲ್ಲ. ಇವತ್ತು ಎಲ್ಲರೂ ಆ ಅರ್ಥದಲ್ಲೇ ಬಳಸ್ತಾರಲ್ಲ ಸರ್ ಎಂದು ವಾದಿಸಿದೆ. ಅವರು ಮಾತಾಡದೆ ಬೆರಳನ್ನು ಮುಂದಿನ ಪ್ಯಾರಾಕ್ಕೆ ಇಳಿಸಿದರು. 1892ರಲ್ಲಿ ಒಮಾಹಾ ನಗರದಲ್ಲಿ ಸೇರಿ ಅವರು ಕೇಳಿದ್ದೇನು? ಹೆಚ್ಚು ಗಳಿಸುವವರಿಗೆ ಹೆಚ್ಚು ತೆರಿಗೆ, ರೈಲ್ವೆ ಸರ್ಕಾರದ ಕೈಗೆ. ಆ ವರ್ಷ ಅವರ ಅಧ್ಯಕ್ಷ ಅಭ್ಯರ್ಥಿ ಜೇಮ್ಸ್ ವೀವರ್‌ಗೆ 10 ಲಕ್ಷಕ್ಕೂ ಜಾಸ್ತಿ ಮತ ಬಿದ್ದಿತ್ತು. 'ಪಾಪ್ಯುಲಿಸ್ಟ್' ಅಂದರೆ ಅವರಿಗೆ ಜನರ ಪಕ್ಷದವರು, ಅಷ್ಟೇ. ಈಗಿನ ಬೈಗುಳವನ್ನು ನಾನು ನೂರು ವರ್ಷಕ್ಕೂ ಹಿಂದಿನವರ ಬಾಯಿಗೆ ತುರುಕಿದ್ದೆ.

ಅಚ್ಚಿಗೆ ಪ್ಲೇಟ್ ಮಾಡುವ ವಿಭಾಗಕ್ಕೆ ಫೋನ್ ಮಾಡಿದೆ. ರಿಂಗ್ ಆಗುತ್ತಲೇ ಇತ್ತು. ಕೊನೆಗೆ ಎತ್ತಿದವರು, "ಡಾಕ್ ಎಡಿಷನ್ ಹೋಯ್ತು ಮೇಡಂ" ಅಂದರು. ದೂರದ ಊರುಗಳಿಗೆ ಮೊದಲು ಹೋಗುವ ಪತ್ರಿಕೆ ಅದು. ವಾದ ಮಾಡುತ್ತಾ ಕಳೆದ ಆ ಕೆಲವು ನಿಮಿಷ ಈಗಲೂ ಚುಚ್ಚುತ್ತವೆ. ಸಿಟಿ ಎಡಿಷನ್‌ನಲ್ಲಿ ಮಾತ್ರ ಸರಿಯಾಯಿತು.

ಮರುದಿನ ಓದುಗರೊಬ್ಬರ ಫೋನ್. "ರೈತರನ್ನ ಯಾಕೆ ಬೈದ್ರಿ?" ಕ್ಷಮೆ ಕೇಳಿದೆ. ಬೇರೆ ಉತ್ತರ ಇರಲಿಲ್ಲ.

ಇಂಥ ರಾಜಕೀಯ ಪದಗಳು ಬೈಗುಳದಿಂದ ಹೆಸರಿಗೆ, ಹೆಸರಿನಿಂದ ಬೈಗುಳಕ್ಕೆ, ಎರಡೂ ದಿಕ್ಕಿಗೆ ಓಡಾಡುತ್ತವೆ. ಬ್ರಿಟನ್ನಿನ 'ಟೋರಿ' ಮೊದಲು ಐರ್ಲೆಂಡಿನ ದರೋಡೆಕೋರರಿಗೆ ಇದ್ದ ಹೆಸರು. ಒಂದು ರಾಜಕೀಯ ಗುಂಪಿಗೆ ಎದುರಾಳಿಗಳು ಅದನ್ನು ಬೈಗುಳವಾಗಿ ಅಂಟಿಸಿದರು, ಆಮೇಲೆ ಅದೇ ಆ ಪಕ್ಷದ ಹೆಸರಾಯಿತು. ಇಟಲಿಯ ಮುಸೊಲಿನಿಯ ಕಡೆಯವರು 'ಫ್ಯಾಸಿಸ್ಟ್' ಎಂಬ ಹೆಸರನ್ನು ತಾವೇ ಇಟ್ಟುಕೊಂಡಿದ್ದರು. ಇವತ್ತು ಅದನ್ನು ಎದುರಿನವರ ಮೇಲೆ ಎಸೆಯುವವರೇ ಜಾಸ್ತಿ. ಯಾವ ಪದ ಹೇಗೆ ಬಳಸಬೇಕೆಂದು ಹೇಳುವ ನಮ್ಮ ಸ್ಟೈಲ್‌ಬುಕ್ಕಿನಲ್ಲಿ ಮಾತ್ರ ಒಂದು ಇಂಗ್ಲಿಷ್ ಪದಕ್ಕೆ ಒಂದೇ ಕನ್ನಡ ಪದ. ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ, ಯಾರು ಯಾರಿಗೆ ಹೇಳಿದ್ದು ಅಂತ ಬರೆಯೋಣ ಎಂದು ಮೂರು ಸಲ ಮೇಲ್ ಮಾಡಿದೆ. ಉತ್ತರ ಬಂದಿಲ್ಲ.

ಹೋದ ವಾರ 'ಸಫ್ರಜೆಟ್' ಬಂತು. 1906ರಲ್ಲಿ ಬ್ರಿಟನ್ನಿನ ಡೈಲಿ ಮೇಲ್ ಪತ್ರಿಕೆ ಮತದ ಹಕ್ಕು ಕೇಳುವ ಹೆಂಗಸರನ್ನು ಹೀಯಾಳಿಸಲು ಬಳಸಿದ ಪದ. 1912ರ ಹೊತ್ತಿಗೆ ಆ ಹೆಂಗಸರೇ ತಮ್ಮ ಪತ್ರಿಕೆಗೆ ಅದೇ ಹೆಸರಿಟ್ಟರು. ಲೇಖನದಲ್ಲಿ ಆ ಪದ ಆರು ಕಡೆ ಇತ್ತು. ರಾತ್ರಿಯೇ ಅನುವಾದಕರಿಗೆ ಫೋನ್ ಮಾಡಿ, ಒಂದೊಂದೇ ಸಾಲು ಓದಿ ಕೇಳಿದೆ: "ಇಲ್ಲಿ ಹೀಗೆ ಕರೀತಿರೋದು ಯಾರು?" ನಾಲ್ಕನೇ ಸಾಲಿಗೆ ಅವರೂ ಮೂಲ ಲೇಖನ ತೆಗೆದು ಕೂತರು.